ಜಡಾನಿಲಗಳ ಅನ್ವೇಷಕ ಮಾರಿಸ್ ಟ್ರಾವರ್ಸ್

ಬನಶಂಕರಿ, ಪದ್ಮನಾಭನಗರಗಳನ್ನು ದಾಟಿ ಉತ್ತರಹಳ್ಳಿಯತ್ತ ಸಾಗುವ ಹಾದಿಯಲ್ಲಿ ಚಿಕ್ಕಲಸಂದ್ರವಿದೆ. ಒಂದು ಕಾಲಕ್ಕೆ ಪುಟ್ಟ ಹಳ್ಳಿಯಾಗಿದ್ದ ಈ ಊರಿನಲ್ಲಿ ಇಂದು ನಾಡಿನ ನಾನಾ ಭಾಗಗಳಿಂದ ಬಂದ ಕುಟುಂಬಗಳು ನೆಲೆಸಿವೆ. ಅವುಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಸೇರಿವೆ. ಕೆಲವು ವಾರಗಳ ಹಿಂದೆ, ಭಾನುವಾರದ ಬಲಿಪೂಜೆಯ ನಂತರ, ಅಲ್ಲಿನ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದೆವು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ಮನೆಯ ಮಗ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದನು. ಬ್ಯೂರೆಟ್ಟಿನಲ್ಲಿ ಮಾಡಿದ ಅಳತೆ ಎರಡು ಸಲ ಒಂದೇ ಬಂದು, ಮೂರನೆಯ ಸಲ ಕೊಂಚ ಹೆಚ್ಚಾಗಿತ್ತು. ಆ ಮೂರನೆಯ ಅಂಕಿಯನ್ನು ಅವನು ರಬ್ಬರಿನಿಂದ ಅಳಿಸಿ, ಮೊದಲಿನ ಅಂಕಿಯನ್ನೇ ಅಲ್ಲಿ ಬರೆದನು. ತಾಯಿ ನೋಡಿ ಸುಮ್ಮನಾದರು. ತಂದೆ ಅಂಕಗಳೇ ಮುಖ್ಯವಲ್ಲವೇ ಎಂದು ನಕ್ಕರು. ನಾವೂ ಏನನ್ನೂ ಹೇಳದೆ ಕಾಫಿ ಕುಡಿದು ಎದ್ದುಬಂದೆವು.

ಹಿಂದಿರುಗುವಾಗ ನಮ್ಮ ಮೌನವೇ ನಮ್ಮನ್ನು ಚುಚ್ಚತೊಡಗಿತು. ಆ ಹುಡುಗನ ಮೇಜಿನ ಮೇಲಿನ ಗೋಡೆಗೆ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಅಂಟಿಸಲಾಗಿತ್ತು. ಅದರ ಬಲತುದಿಯ ಕಂಬಸಾಲಿನಲ್ಲಿ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಹೆಸರುಗಳಿವೆ. ಅಳತೆಯಲ್ಲಿ ಕಂಡ ಅತ್ಯಲ್ಪ ವ್ಯತ್ಯಾಸವೊಂದನ್ನು ಯಾರೂ ಅಳಿಸಿಹಾಕದೆ ಇದ್ದುದರಿಂದಲೇ ಆ ಸಾಲು ಮನುಷ್ಯನಿಗೆ ತಿಳಿದುಬಂತು. ಅಷ್ಟೇ ಅಲ್ಲ, ಅವುಗಳಲ್ಲಿ ಮೂರನ್ನು ತನ್ನ ಗುರುವಿನೊಡನೆ ಕಂಡುಹಿಡಿದ ವಿಜ್ಞಾನಿ ನಮ್ಮ ಬೆಂಗಳೂರಿನಲ್ಲಿಯೇ ಹಲವು ವರ್ಷ ಬಾಳಿ, ಇಲ್ಲಿನ ಒಂದು ಮಹಾಸಂಸ್ಥೆಗೆ ಅಡಿಪಾಯ ಹಾಕಿದರು. ಅವರ ಹೆಸರು ಮಾರಿಸ್ ವಿಲಿಯಂ ಟ್ರಾವರ್ಸ್. ಈ ವಾರ ಅವರ ಬದುಕನ್ನು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಟ್ರಾವರ್ಸರು 1872ರ ಜನವರಿ 24ರಂದು ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, 1889ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ, 1893ರಲ್ಲಿ ಪದವಿ ಪಡೆದರು. ಕೆಲಕಾಲ ಫ್ರಾನ್ಸಿನ ನಾನ್ಸಿ ನಗರದಲ್ಲಿ ಅಭ್ಯಾಸ ಮಾಡಿ, 1894ರಲ್ಲಿ ತಮ್ಮ ಹಳೆಯ ಕಾಲೇಜಿಗೇ ಪ್ರಯೋಗಶಾಲೆಯ ಬೋಧಕರಾಗಿ ಮರಳಿದರು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ವಿಲಿಯಂ ರ್ಯಾಮ್ಸೇ. ಟ್ರಾವರ್ಸರು ಅವರ ಬಳಿಗೆ ಬಂದ ಆ ವರ್ಷವೇ ರ್ಯಾಮ್ಸೇಯವರು ಒಂದು ವಿಚಿತ್ರವಾದ ಲೆಕ್ಕವನ್ನು ಬಿಡಿಸುವುದರಲ್ಲಿ ಮುಳುಗಿದ್ದರು.

ಆ ಲೆಕ್ಕವನ್ನು ಒಡ್ಡಿದವರು ಲಾರ್ಡ್ ರ್ಯಾಲೆ ಎಂಬ ಭೌತವಿಜ್ಞಾನಿ. ಅನಿಲಗಳ ಸಾಂದ್ರತೆಯನ್ನು ಅವರು ಅತಿ ಎಚ್ಚರಿಕೆಯಿಂದ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ, ನೀರಾವಿ, ಇಂಗಾಲದ ಡೈಆಕ್ಸೈಡುಗಳನ್ನು ತೆಗೆದರೆ ಉಳಿಯುವುದು ಸಾರಜನಕ ಎಂಬುದು ಅಂದಿನ ನಂಬಿಕೆ. ಹೀಗೆ ದೊರೆತ ಸಾರಜನಕ ಒಂದು ಲೀಟರಿಗೆ 1.2572 ಗ್ರಾಂ ತೂಗಿತು. ಅದೇ ಉಷ್ಣತೆ, ಅದೇ ಒತ್ತಡದಲ್ಲಿ, ರಾಸಾಯನಿಕ ಸಂಯುಕ್ತಗಳಿಂದ ತಯಾರಿಸಿದ ಸಾರಜನಕ ಲೀಟರಿಗೆ 1.2505 ಗ್ರಾಂ ಮಾತ್ರ ತೂಗಿತು. ವ್ಯತ್ಯಾಸ 0.0067 ಗ್ರಾಂ, ಅಂದರೆ ಸುಮಾರು ಇನ್ನೂರರಲ್ಲಿ ಒಂದು ಪಾಲು. ಇದನ್ನು ತಕ್ಕಡಿಯ ದೋಷವೆಂದು ತಳ್ಳಿಹಾಕುವುದು ಬಹಳ ಸುಲಭವಾಗಿತ್ತು. ರ್ಯಾಲೆಯವರು ಹಾಗೆ ಮಾಡಲಿಲ್ಲ. ತಮಗೆ ಅರ್ಥವಾಗದ ಈ ವ್ಯತ್ಯಾಸವನ್ನು 1892ರಲ್ಲಿ ಬಹಿರಂಗವಾಗಿ ಪ್ರಕಟಿಸಿ, ಕಾರಣವನ್ನು ತಿಳಿಸಿರೆಂದು ರಸಾಯನಶಾಸ್ತ್ರಜ್ಞರನ್ನು ಕೇಳಿಕೊಂಡರು.

ರ್ಯಾಮ್ಸೇಯವರು ಹಿಡಿದ ದಾರಿ ನಮ್ಮ ಮಕ್ಕಳು ತರಗತಿಯಲ್ಲಿ ಕಲಿಯುವ ಒಂದು ಸಾಮಾನ್ಯ ರಾಸಾಯನಿಕ ಕ್ರಿಯೆ. ಮೆಗ್ನೀಸಿಯಂ ಲೋಹವನ್ನು ಚೆನ್ನಾಗಿ ಕಾಯಿಸಿ ಅದರ ಮೇಲೆ ಸಾರಜನಕವನ್ನು ಹಾಯಿಸಿದರೆ, ಮೂರು ಮೆಗ್ನೀಸಿಯಂ ಪರಮಾಣುಗಳು ಎರಡು ಪರಮಾಣುಗಳುಳ್ಳ ಒಂದು ಸಾರಜನಕದ ಅಣುವಿನೊಡನೆ ಕೂಡಿ ಮೆಗ್ನೀಸಿಯಂ ನೈಟ್ರೈಡ್ ಆಗುತ್ತದೆ. ಗಾಳಿಯ ಸಾರಜನಕವನ್ನು ಹೀಗೆ ಮತ್ತೆ ಮತ್ತೆ ಹಾಯಿಸುತ್ತ ಹೋದಂತೆ ಅನಿಲ ಕಡಿಮೆಯಾಗುತ್ತ ಬಂದಿತು, ಆದರೆ ಪೂರ್ತಿ ಮುಗಿಯಲಿಲ್ಲ. ಯಾವುದರೊಡನೆಯೂ ಕೂಡದ ಅಲ್ಪಭಾಗವೊಂದು ಉಳಿದೇ ಉಳಿಯಿತು. ಅದರ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಅದುವರೆಗೆ ಯಾರೂ ಕಾಣದ ಗೆರೆಗಳು ತೋರಿದವು. 1894ರ ಆಗಸ್ಟಿನಲ್ಲಿ ರ್ಯಾಲೆ ಮತ್ತು ರ್ಯಾಮ್ಸೇ ಇಬ್ಬರೂ ಸೇರಿ ಹೊಸ ಅನಿಲವೊಂದನ್ನು ಘೋಷಿಸಿದರು. ಸೋಮಾರಿ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆರ್ಗಾನ್ ಎಂಬ ಹೆಸರು ಬಂತು.

ಮನೆಯಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳಿದ್ದರೆ, ಈ ಲೆಕ್ಕವನ್ನು ಅವರಿಂದ ಮಾಡಿಸಿ ನೋಡಬಹುದು. ಸಾರಜನಕದ ಅಣುಭಾರ 28, ಆರ್ಗಾನಿನದು 40. ಒಂದೇ ಉಷ್ಣತೆ ಹಾಗೂ ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ ಎಂಬುದು ಅವೊಗಾಡ್ರೊ ನಿಯಮ. ಗಾಳಿಯಿಂದ ಪಡೆದ ಸಾರಜನಕದ 100 ಮೋಲುಗಳಲ್ಲಿ ಸುಮಾರು 1.2 ಮೋಲು ಆರ್ಗಾನ್ ಅಡಗಿರುತ್ತದೆ. ಪ್ರತಿ ಮೋಲಿಗೆ 12 ಗ್ರಾಮಿನಂತೆ ಹೆಚ್ಚುವ ತೂಕ 14 ಗ್ರಾಮಿಗಿಂತ ಕೊಂಚ ಹೆಚ್ಚು. ಶುದ್ಧ ಸಾರಜನಕವಾಗಿದ್ದರೆ ತೂಕ 2800 ಗ್ರಾಂ ಆಗುತ್ತಿತ್ತು. 2800ಕ್ಕೆ 14 ಎಂದರೆ ಇನ್ನೂರಕ್ಕೆ ಒಂದು. ರ್ಯಾಲೆಯವರ ತಕ್ಕಡಿ ತೋರಿಸಿದ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ತಕ್ಕಡಿ ಸುಳ್ಳಾಡಿರಲಿಲ್ಲ.

ಆದರೆ ಒಂದು ಲೆಕ್ಕ ಬಿಡಿಸಿದೊಡನೆ ಇನ್ನೊಂದು ಎದ್ದು ನಿಂತಿತು. ಆರ್ಗಾನಿನ ಸಾಂದ್ರತೆ ಜಲಜನಕದ ಇಪ್ಪತ್ತರಷ್ಟು. ಜಲಜನಕದ ಅಣುಭಾರ 2 ಆದುದರಿಂದ ಆರ್ಗಾನಿನದು 40. ಈ ಅನಿಲದಲ್ಲಿ ಶಬ್ದದ ವೇಗವನ್ನು ಅಳೆದಾಗ, ಅದರ ಅಣುವಿನಲ್ಲಿ ಒಂದೇ ಪರಮಾಣು ಇದೆಯೆಂದು ತಿಳಿದುಬಂತು. ಹಾಗಾದರೆ ಪರಮಾಣುಭಾರವೂ 40 ಆಗಲೇಬೇಕು. ರಷ್ಯಾದ ಮೆಂಡಲೀವರು 1869ರಲ್ಲಿ ರಚಿಸಿದ ಆವರ್ತ ಕೋಷ್ಟಕದಲ್ಲಿ 35.5ರ ಕ್ಲೋರಿನ್ನಿಗೂ 39ರ ಪೊಟ್ಯಾಸಿಯಂಗೂ ನಡುವೆ ಇಂತಹ ವಸ್ತುವಿಗೆ ಮನೆಯೇ ಇರಲಿಲ್ಲ. ಇದು ಮೂರು ಪರಮಾಣುಗಳುಳ್ಳ ಸಾರಜನಕವೇ ಇರಬಹುದೆಂದು ಸ್ವತಃ ಮೆಂಡಲೀವರೇ ಶಂಕಿಸಿದರು. ಕೋಷ್ಟಕವನ್ನು ಉಳಿಸಲು ಆರ್ಗಾನನ್ನು ಅಲ್ಲಗಳೆಯಬೇಕೇ, ಆರ್ಗಾನಿಗಾಗಿ ಕೋಷ್ಟಕವನ್ನು ವಿಸ್ತರಿಸಬೇಕೇ ಎಂಬ ಪ್ರಶ್ನೆ ಹುಟ್ಟಿತು.

1895ರಲ್ಲಿ ಉತ್ತರದ ಸುಳಿವು ದೊರೆಯಿತು. ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದೊಡನೆ ಕಾಯಿಸಿದಾಗ ಹೊರಬಂದ ಅನಿಲದಲ್ಲಿ ರ್ಯಾಮ್ಸೇಯವರು ಹೀಲಿಯಮನ್ನು ಗುರುತಿಸಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನಮ್ಮ ನೆರೆಯ ಆಂಧ್ರದ ಗುಂಟೂರಿನಲ್ಲಿ ನಿಂತು ವೀಕ್ಷಿಸಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೊಂದನ್ನು ಅನುಸರಿಸಿಯೇ ಹೀಲಿಯಂ ಎಂಬ ಹೆಸರು ಹುಟ್ಟಿಕೊಂಡಿತ್ತು. ಸೂರ್ಯನಲ್ಲಿ ಮಾತ್ರ ಇದೆಯೆಂದು ಊಹಿಸಿದ್ದ ವಸ್ತು ಈಗ ಭೂಮಿಯ ಮೇಲೂ ದೊರೆತಂತಾಯಿತು. ಅದೂ ಆರ್ಗಾನಿನಂತೆ ಏಕಾಂಗಿ, ಯಾವುದರೊಡನೆಯೂ ಕೂಡದಂಥದು. ಈ ಕೆಲಸದಲ್ಲಿ ಇಪ್ಪತ್ತಮೂರರ ತರುಣ ಟ್ರಾವರ್ಸರು ಗುರುವಿಗೆ ನೆರವಾದರು. ಅನಿಲಗಳನ್ನು ಹಿಡಿದಿಡುವ, ಸಾಗಿಸುವ, ಅಳೆಯುವ ಗಾಜಿನ ಉಪಕರಣಗಳಲ್ಲಿ ಅವರ ಕೈ ಬಹು ಕುಶಲವಾಗಿತ್ತು.

ಒಂದೇ ಸ್ವಭಾವದ ಎರಡು ಅನಿಲಗಳಿದ್ದರೆ ಅವು ಒಂದೇ ಕುಟುಂಬಕ್ಕೆ ಸೇರಿರಬೇಕು, ಆ ಕುಟುಂಬಕ್ಕೆ ಕೋಷ್ಟಕದಲ್ಲಿ ಒಂದು ಹೊಸ ಕಂಬಸಾಲೇ ಬೇಕು ಎಂದು ಗುರುಶಿಷ್ಯರು ತರ್ಕಿಸಿದರು. ಹೀಲಿಯಂ 4, ಆರ್ಗಾನ್ 40. ಉಳಿದ ಕುಟುಂಬಗಳಲ್ಲಿ ಆಮ್ಲಜನಕ 16, ಅದರ ಕೆಳಗಿನ ಗಂಧಕ 32. ಫ್ಲೋರಿನ್ 19, ಅದರ ಕೆಳಗಿನ ಕ್ಲೋರಿನ್ 35.5. ಅಂತರ ಸುಮಾರು ಹದಿನಾರು. ಹಾಗಿದ್ದರೆ 4ರ ಮೇಲೆ ಹದಿನಾರು ಸೇರಿಸಿ, 20ರ ಆಸುಪಾಸಿನಲ್ಲಿ ಇನ್ನೂ ಕಾಣದ ಅನಿಲವೊಂದು ಇರಬೇಕು. 1897ರ ಆಗಸ್ಟಿನಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ರ್ಯಾಮ್ಸೇಯವರು ಈ ಮಾತನ್ನು ಧೈರ್ಯವಾಗಿ ಸಾರಿದರು. ಆಗ ಅದು ಕಾಗದದ ಮೇಲಿನ ಲೆಕ್ಕ ಮಾತ್ರವಾಗಿತ್ತು. ಗುರುಶಿಷ್ಯರು ಹಲವಾರು ಖನಿಜಗಳನ್ನು ಕಾಯಿಸಿ ಪರೀಕ್ಷಿಸಿದರೂ ಫಲ ಸಿಕ್ಕಿರಲಿಲ್ಲ.

ಕೊನೆಗೆ ಅವರು ಮತ್ತೆ ಗಾಳಿಯತ್ತಲೇ ತಿರುಗಿದರು. ಗಾಳಿಯನ್ನು ತೀವ್ರವಾಗಿ ತಂಪುಗೊಳಿಸಿ ದ್ರವವಾಗಿಸುವ ಯಂತ್ರ ಆ ಹೊತ್ತಿಗೆ ಬಂದಿತ್ತು. ವಿಲಿಯಂ ಹ್ಯಾಂಪ್ಸನ್ ಎಂಬುವರು 1898ರ ಮೇ ತಿಂಗಳಲ್ಲಿ ಅವರಿಗೆ ದ್ರವಗಾಳಿಯನ್ನು ಒದಗಿಸಿದರು. ಪ್ರತಿಯೊಂದು ಅನಿಲಕ್ಕೂ ತನ್ನದೇ ಆದ ಕುದಿಬಿಂದು ಉಂಟು. ದ್ರವಗಾಳಿಯನ್ನು ನಿಧಾನವಾಗಿ ಆವಿಯಾಗಲು ಬಿಟ್ಟರೆ ಹಗುರವಾದವು ಮೊದಲು ಹಾರುತ್ತವೆ, ಭಾರವಾದವು ಕೊನೆಗೆ ಉಳಿಯುತ್ತವೆ. ಹೀಗೆ ತಳದಲ್ಲಿ ಉಳಿದ ಸ್ವಲ್ಪ ಅನಿಲದಲ್ಲಿ, ಮೇ ತಿಂಗಳ ಕೊನೆಯಲ್ಲಿ, ಹೊಸ ಹಳದಿ ಹಾಗೂ ಹಸಿರು ಗೆರೆಗಳು ಹೊಳೆದವು. ಅದು ಕ್ರಿಪ್ಟಾನ್, ಅಂದರೆ ಅಡಗಿದ್ದುದು. ಅದರ ಸಾಂದ್ರತೆಯನ್ನು ಅಳೆಯುತ್ತ ರಾತ್ರಿ ಬಹುಹೊತ್ತು ಕುಳಿತ ಇಬ್ಬರಿಗೂ, ಮರುದಿನ ಟ್ರಾವರ್ಸರಿಗೆ ಡಾಕ್ಟರೇಟ್ ಪದವಿಯ ಪರೀಕ್ಷೆಯಿದೆ ಎಂಬುದೇ ಬಹುಮಟ್ಟಿಗೆ ಮರೆತುಹೋಗಿತ್ತಂತೆ. ಪರೀಕ್ಷೆಯೊಂದನ್ನೇ ನೆನೆದು ಕಲಿಯುವುದನ್ನು ಮರೆಯುವ ನಮ್ಮ ಮನೆಗಳಲ್ಲಿ ಈ ಪ್ರಸಂಗವನ್ನು ನೆನೆಯುವುದು ಉಚಿತ.

ಆದರೆ ಅವರು ಹುಡುಕುತ್ತಿದ್ದುದು ಕ್ರಿಪ್ಟಾನನ್ನಲ್ಲ, ಹಗುರವಾದ ಇನ್ನೊಂದನ್ನು. ಜೂನ್ ತಿಂಗಳಲ್ಲಿ ಆರ್ಗಾನನ್ನು ದ್ರವವಾಗಿಸಿ, ಅದರಿಂದ ಮೊದಲು ಹಾರಿಬಂದ ಭಾಗವನ್ನು ಸಂಗ್ರಹಿಸಿ ವಿದ್ಯುತ್ ಹಾಯಿಸಿದಾಗ, ಕೊಳವೆ ಕಡುಕೆಂಪಾಗಿ ಬೆಳಗಿತು. ರೋಹಿತದರ್ಶಕವನ್ನು ನೋಡುವ ಮೊದಲೇ ಆ ಬೆಳಕು ಅವರಿಗೆ ಉತ್ತರವನ್ನು ಹೇಳಿತ್ತು. ರ್ಯಾಮ್ಸೇಯವರ ಹದಿಮೂರು ವರ್ಷದ ಮಗ ಇದನ್ನು ಹೊಸತು ಎಂಬ ಅರ್ಥದ ಲ್ಯಾಟಿನ್ ಪದದಿಂದ ಕರೆಯಬಾರದೇಕೆ ಎಂದು ಕೇಳಿದನಂತೆ. ತಂದೆ ಆ ಸಲಹೆಯನ್ನು ಒಪ್ಪಿ, ಪದವನ್ನು ಮಾತ್ರ ಗ್ರೀಕಿಗೆ ಬದಲಿಸಿ, ನಿಯಾನ್ ಎಂದು ಹೆಸರಿಟ್ಟರು. ಅದರ ಪರಮಾಣುಭಾರ ಕಾಗದದ ಲೆಕ್ಕ ಹೇಳಿದಂತೆಯೇ 20ರ ಬಳಿ ನಿಂತಿತು. ಜುಲೈ ತಿಂಗಳಲ್ಲಿ ಕ್ರಿಪ್ಟಾನಿನ ಜೊತೆ ಬೆರೆತಿದ್ದ ಇನ್ನೂ ಭಾರವಾದ ಕ್ಸೆನಾನ್, ಅಂದರೆ ಅಪರಿಚಿತ, ಪತ್ತೆಯಾಯಿತು. ಗಾಳಿಯ ಒಂದು ಕೋಟಿಗೂ ಹೆಚ್ಚು ಪಾಲಿನಲ್ಲಿ ಕ್ಸೆನಾನ್ ಒಂದು ಪಾಲು ಮಾತ್ರ. ಮೂರು ತಿಂಗಳೊಳಗೆ ಮೂರು ಮೂಲವಸ್ತುಗಳು. ಆಗ ಟ್ರಾವರ್ಸರಿಗೆ ಇಪ್ಪತ್ತಾರು ವರ್ಷ.

1904ರಲ್ಲಿ ನೊಬೆಲ್ ಪ್ರಶಸ್ತಿ ರ್ಯಾಮ್ಸೇಯವರಿಗೆ ರಸಾಯನಶಾಸ್ತ್ರದಲ್ಲಿಯೂ ರ್ಯಾಲೆಯವರಿಗೆ ಭೌತಶಾಸ್ತ್ರದಲ್ಲಿಯೂ ಸಂದಿತು. ಟ್ರಾವರ್ಸರ ಹೆಸರು ಅದರಲ್ಲಿರಲಿಲ್ಲ. ಅದೇ ವರ್ಷ ಅವರು ಬ್ರಿಸ್ಟಲ್ಲಿನಲ್ಲಿ ಪ್ರಾಧ್ಯಾಪಕರಾದರು.

ಇಲ್ಲಿಂದ ಅವರ ಕಥೆ ನಮ್ಮ ನಗರಕ್ಕೆ ಬರುತ್ತದೆ. ಭಾರತದಲ್ಲಿ ಉನ್ನತ ಸಂಶೋಧನೆಗಾಗಿ ಒಂದು ಸಂಸ್ಥೆ ಬೇಕೆಂದು ಮುಂಬಯಿಯ ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಅವರು ಕನಸು ಕಂಡಿದ್ದರು. ಅದಕ್ಕೆ ಯೋಗ್ಯವಾದ ಸ್ಥಳವನ್ನು ಸೂಚಿಸಲೆಂದು 1900ರಲ್ಲಿ ಭಾರತಕ್ಕೆ ಬಂದವರು ಇದೇ ರ್ಯಾಮ್ಸೇಯವರು. ಅವರು ಬೆಂಗಳೂರನ್ನು ಆರಿಸಿದರು. ಮೈಸೂರು ಸರ್ಕಾರ 371 ಎಕರೆ ಭೂಮಿಯನ್ನು ದಾನವಾಗಿ ನೀಡಿತು. ಟಾಟಾ ಅವರು ಮಾತ್ರ ತಮ್ಮ ಕನಸು ನನಸಾಗುವುದನ್ನು ಕಾಣದೆ 1904ರಲ್ಲಿಯೇ ತೀರಿಕೊಂಡಿದ್ದರು. 1906ರ ಕೊನೆಯಲ್ಲಿ, ಮೂವತ್ತನಾಲ್ಕು ವರ್ಷದ ಟ್ರಾವರ್ಸರು ಈ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ನಮ್ಮ ಹಿರಿಯರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಪರಿಚಿತ.

ನಿರ್ದೇಶಕರಾದಾಗ ಅವರಿಗೆ ದೊರೆತುದು ಬಯಲು ಮಾತ್ರ. ಕಟ್ಟಡ, ಪ್ರಯೋಗಶಾಲೆ, ಪುಸ್ತಕಭಂಡಾರ, ಅಧ್ಯಾಪಕರು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗಿತ್ತು. 1909ರಲ್ಲಿ ಸಂಸ್ಥೆಗೆ ಸರ್ಕಾರದ ಅಧಿಕೃತ ಆದೇಶ ದೊರೆಯಿತು. ಅದೇ ವರ್ಷ ಟ್ರಾವರ್ಸರ ವಿವಾಹವೂ ನಡೆಯಿತು. 1911ರ ಫೆಬ್ರವರಿಯಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. ಜುಲೈ ತಿಂಗಳಲ್ಲಿ ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಆರಂಭದಲ್ಲಿ ಕಲಿಸಿದ ವಿಷಯಗಳಲ್ಲಿ ರಸಾಯನಶಾಸ್ತ್ರ ಹಾಗೂ ವಿದ್ಯುತ್ ತಂತ್ರಜ್ಞಾನಗಳೇ ಪ್ರಧಾನವಾಗಿದ್ದವು.

ಆದರೆ ಗಾಳಿಯನ್ನು ಬೇರ್ಪಡಿಸುವಷ್ಟು ಸುಲಭವಾಗಿ ಮನುಷ್ಯರ ಅಭಿಪ್ರಾಯಗಳನ್ನು ಹೊಂದಿಸಲಾಗಲಿಲ್ಲ. ಸಂಸ್ಥೆ ಹೇಗೆ ನಡೆಯಬೇಕು, ಹಣ ಹೇಗೆ ವೆಚ್ಚವಾಗಬೇಕು ಎಂಬ ವಿಷಯಗಳಲ್ಲಿ ಆಡಳಿತ ನಡೆಸುವವರಿಗೂ ನಿರ್ದೇಶಕರಿಗೂ ಭಿನ್ನಾಭಿಪ್ರಾಯ ಬೆಳೆಯಿತು. 1914ರಲ್ಲಿ ಟ್ರಾವರ್ಸರು ರಾಜೀನಾಮೆ ನೀಡಿ ಇಂಗ್ಲೆಂಡಿಗೆ ಮರಳಿದರು. ತಾವೇ ಕಟ್ಟಿದ ಮನೆಯಿಂದ ಹೀಗೆ ಹೊರಡುವುದು ಯಾರಿಗೂ ಸುಖದ ಸಂಗತಿಯಲ್ಲ.

ಆದರೂ ಬಿತ್ತಿದ ಬೀಜ ಬೇರೂರಿತ್ತು. ಅದೇ ವರ್ಷ ಮಹಾಯುದ್ಧ ಆರಂಭವಾಗಿ, ಮೈಸೂರಿನ ಶ್ರೀಗಂಧದ ಮರವನ್ನು ಎಣ್ಣೆ ತೆಗೆಯಲು ಜರ್ಮನಿಗೆ ಕಳಿಸುವ ಮಾರ್ಗ ಮುಚ್ಚಿಹೋಯಿತು. ಆಗ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ವಿಧಾನವನ್ನು ರೂಪಿಸಿದವರು ಟ್ರಾವರ್ಸರ ಕಾಲದಲ್ಲಿ ಸಂಸ್ಥೆಗೆ ಬಂದಿದ್ದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ನಮ್ಮ ಮನೆಗಳ ಸ್ನಾನಗೃಹಗಳಲ್ಲಿನ ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳದ ಹಿಂದೆ ಈ ಸಂಸ್ಥೆಯ ಪ್ರಯೋಗಶಾಲೆಯೂ ಇದೆ. 1933ರಲ್ಲಿ ಅದೇ ಸಂಸ್ಥೆಗೆ ಸರ್ ಸಿ.ವಿ. ರಾಮನ್ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು.

ಇಂಗ್ಲೆಂಡಿನಲ್ಲಿ ಟ್ರಾವರ್ಸರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಯುದ್ಧದಿಂದಾಗಿ ಜರ್ಮನಿಯ ಗಾಜಿನ ಉಪಕರಣಗಳು ಬಾರದೆ ಪ್ರಯೋಗಶಾಲೆಗಳು ತೊಂದರೆಗೊಳಗಾದಾಗ ಅಂತಹ ಗಾಜನ್ನು ಸ್ವದೇಶದಲ್ಲಿ ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಮುಂದೆ ಇಂಧನ ಹಾಗೂ ಕುಲುಮೆಗಳ ತಂತ್ರಜ್ಞಾನದಲ್ಲಿ ದುಡಿದರು. 1927ರಲ್ಲಿ ಬ್ರಿಸ್ಟಲ್ಲಿಗೆ ಗೌರವ ಪ್ರಾಧ್ಯಾಪಕರಾಗಿ ಹಿಂದಿರುಗಿ, ಹತ್ತು ವರ್ಷ ಸಂಶೋಧನೆ ನಡೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಕ್ಕೆ ಸಲಹೆಗಾರರಾಗಿದ್ದರು. 1956ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ನಲವತ್ತು ವರ್ಷಗಳ ಹಿಂದೆ ತೀರಿಕೊಂಡಿದ್ದ ತಮ್ಮ ಗುರು ರ್ಯಾಮ್ಸೇಯವರ ಜೀವನಚರಿತ್ರೆಯನ್ನು ಪ್ರಕಟಿಸಿದರು. 1961ರ ಆಗಸ್ಟ್ 25ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ಮರಣದ ಮರುವರ್ಷ ಇನ್ನೊಂದು ವಿಸ್ಮಯ ನಡೆಯಿತು. ಜಡಾನಿಲಗಳು ಯಾವುದರೊಡನೆಯೂ ಕೂಡುವುದಿಲ್ಲ ಎಂಬುದು ಅದುವರೆಗಿನ ದೃಢ ನಂಬಿಕೆ. ಆದರೆ ಕೋಷ್ಟಕದ ಒಂದೇ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಂತೆ ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಎಲೆಕ್ಟ್ರಾನಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಎಲೆಕ್ಟ್ರಾನನ್ನು ಕೀಳಲು ಹೀಲಿಯಮಿಗೆ ಮೋಲಿಗೆ 2372 ಕಿಲೋಜೂಲ್ ಬೇಕು, ಆರ್ಗಾನಿಗೆ 1521, ಕ್ಸೆನಾನಿಗೆ 1170 ಸಾಕು. ಕೆನಡಾದಲ್ಲಿದ್ದ ನೀಲ್ ಬಾರ್ಟ್‌ಲೆಟ್ ಅವರು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನನ್ನು ಕೀಳುವ ಪ್ರಬಲವಾದ ಪ್ಲಾಟಿನಂ ಸಂಯುಕ್ತವೊಂದನ್ನು ಕಂಡಿದ್ದರು. ಆ ಅಣುವಿಗೆ ಬೇಕಾದ ಶಕ್ತಿಯೂ ಕ್ಸೆನಾನಿಗೆ ಬೇಕಾದುದೂ ಬಹುತೇಕ ಒಂದೇ ಎಂಬುದನ್ನು ಗಮನಿಸಿ, ಅವರು 1962ರಲ್ಲಿ ಎರಡನ್ನೂ ಬೆರೆಸಿದರು. ಕೂಡಲೇ ಕ್ಸೆನಾನಿನ ಘನರೂಪದ ಸಂಯುಕ್ತ ಉಂಟಾಯಿತು. ಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದ ಮಾತನ್ನು ಎರಡು ಅಂಕಿಗಳ ಹೋಲಿಕೆ ತಿದ್ದಿತು. ಅದೇ ಕ್ಸೆನಾನನ್ನು ಬಳಸುವ ವಿದ್ಯುತ್ ಚಾಲನಾ ವ್ಯವಸ್ಥೆಯನ್ನು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆ 2017ರ ಮೇ ತಿಂಗಳಲ್ಲಿ ಹಾರಿಸಿದ ಜಿಸ್ಯಾಟ್-9 ಉಪಗ್ರಹದಲ್ಲಿ ಅಳವಡಿಸಿತು.

ಕಳೆದ ಭಾನುವಾರ ನಾವು ಮತ್ತೆ ಚಿಕ್ಕಲಸಂದ್ರದ ಆ ಮನೆಗೆ ಹೋಗಿ, ಈ ವೃತ್ತಾಂತವನ್ನು ಮಗನಿಗೆ ಹೇಳಿದೆವು. ಸಾರಜನಕದ ಲೆಕ್ಕವನ್ನು ಅವನೇ ಮಾಡಿ ಇನ್ನೂರಕ್ಕೆ ಒಂದು ಎಂಬ ಉತ್ತರವನ್ನು ತಂದೆಗೆ ತೋರಿಸಿದನು. ಅಳತೆ ಹೊಂದದೆ ಇದ್ದರೆ ಅದನ್ನು ಹಾಗೆಯೇ ಬರೆದಿಟ್ಟು, ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡುವುದೇ ಸರಿಯಾದ ಕ್ರಮವೆಂದು ಅವನಿಗೆ ತಿಳಿದೇ ಇತ್ತು. ಹಾಗೆ ಬರೆದರೆ ಅಂಕ ಕಡಿಮೆಯಾಗುವುದೆಂಬ ಭಯ ಅವನದು. ಆ ಭಯವನ್ನು ಅವನಿಗೆ ಕಲಿಸಿದವರು ಯಾರು? ಮನೆಯ ಹಿರಿಯರಾದ ನಾವೇ ಅಲ್ಲವೇ? ಸುಳ್ಳು ಹೇಳಬಾರದೆಂದು ಧರ್ಮೋಪದೇಶದ ತರಗತಿಗೆ ಮಕ್ಕಳನ್ನು ಕಳಿಸುತ್ತೇವೆ. ಅದೇ ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಅಂಕಿಯನ್ನು ತಿದ್ದಿದಾಗ ನಕ್ಕು ಸುಮ್ಮನಾಗುತ್ತೇವೆ. ಮುಂದೆ ಅವರು ಔಷಧಿಯನ್ನು ಅಳೆಯುವಾಗ, ಸೇತುವೆಯನ್ನು ಕಟ್ಟುವಾಗ, ಲೆಕ್ಕಪತ್ರವನ್ನು ಬರೆಯುವಾಗ ಇದೇ ಅಭ್ಯಾಸ ಕೈಹಿಡಿದರೆ ಗತಿಯೇನು?

ಪ್ರಿಯ ಓದುಗರೇ, ಪರೀಕ್ಷೆಯ ದಿನಗಳಲ್ಲಿ ನಿಮ್ಮ ಮಕ್ಕಳ ಉತ್ತರ ಪುಸ್ತಕದ ಕೊನೆಯ ಪುಟದೊಡನೆ ಹೊಂದದೆ ಹೋದರೆ ಗದರಿಸಬೇಡಿ. ಎಲ್ಲಿ ವ್ಯತ್ಯಾಸ ಬಂತೆಂದು ಜೊತೆಯಲ್ಲಿ ಕುಳಿತು ಹುಡುಕಿರಿ. ತಪ್ಪು ನಮ್ಮದಾಗಿದ್ದರೆ ತಿದ್ದಿಕೊಳ್ಳೋಣ. ನಮ್ಮದಲ್ಲವಾದರೆ ಅಲ್ಲಿ ಇನ್ನೂ ತಿಳಿಯದ ಸತ್ಯವೊಂದು ಇರಬಹುದು. ಅತ್ಯಲ್ಪವಾದುದರಲ್ಲಿಯೂ ಪ್ರಾಮಾಣಿಕರಾಗಿರುವ ಧೈರ್ಯವನ್ನು ದೇವರು ನಮ್ಮ ಮಕ್ಕಳಿಗೆ ದಯಪಾಲಿಸಲಿ, ಅವರಿಗೆ ಮಾದರಿಯಾಗಿ ನಡೆಯುವ ಬುದ್ಧಿಯನ್ನು ನಮಗೂ ಕರುಣಿಸಲಿ ಎಂಬುದೇ ನಮ್ಮ ಪ್ರಾರ್ಥನೆ.